ಸೀಟು 80, ಉಳಿದ ಮಕ್ಕಳ ಗತಿ?

ಐದನೆಯ ತರಗತಿಯಲ್ಲಿ ಮಗುವಿದ್ದ ಮನೆಗೆ ನವೋದಯ ಪ್ರವೇಶ ಪರೀಕ್ಷೆಯ ಚಿಂತೆ ತಪ್ಪಿದ್ದಲ್ಲ. ಕೋಚಿಂಗಿಗಾಗಿ ಸಾಲ ಮಾಡಿದ ಕಾರ್ಮಿಕ ಬಂಧುಗಳನ್ನು ನಾವು ಬಲ್ಲೆವು. ಆ ಸಾಲ ಬೇಡ.

ಪರೀಕ್ಷೆ ಎರಡು ಗಂಟೆಯದು; ಪ್ರಶ್ನೆ 80; ಕನ್ನಡದಲ್ಲಿಯೇ ಬರೆಯಬಹುದು. ಅರ್ಧ ಅಂಕ ಚಿತ್ರಾಕೃತಿಗಳನ್ನು ಹೋಲಿಸುವುದಕ್ಕೆ, ಉಳಿದರ್ಧ ಲೆಕ್ಕಕ್ಕೂ ಭಾಷೆಗೂ. ಅಕ್ಷರವನ್ನು ಕನ್ನಡಿಗೆ ಹಿಡಿದು ತೋರಿಸಿರಿ. ಅಂಗಡಿಯ ತೂಕ, ಚಿಲ್ಲರೆ, ಲಾಭ-ನಷ್ಟದ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿರಿ. ದಿನವೂ ಅರ್ಧ ತಾಸು ಓದಿಸಿ, ಓದಿದ್ದರ ಮೇಲೆ ಪ್ರಶ್ನೆ ಕೇಳಿರಿ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಬಿಡದಿರಲಿ.

1986ರ ಶಿಕ್ಷಣ ನೀತಿಯಲ್ಲಿ ಈ ಶಾಲೆಗಳಿಗೆ ಸ್ಥಾನ ದೊರೆಯಿತು. ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ, ಅದು ನ್ಯಾಯವೇ. ಆದರೆ ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಆರನೆಯ ತರಗತಿಯ ಪ್ರವೇಶಕ್ಕೆ ಎರಡನೆಯ ಸಲ ಬರೆಯುವಂತಿಲ್ಲ. ಹತ್ತು ವರ್ಷದ ಮಗುವಿನ ಹಣೆಬರಹವನ್ನು ಎರಡು ಗಂಟೆಯಲ್ಲಿ ಬರೆಯಬಹುದೇ? ಸೀಟು ಸಿಗದ ಮಗು ದಡ್ಡ ಮಗುವಲ್ಲ. ಕಡಿಮೆಯಿರುವುದು ಸೀಟು, ಬುದ್ಧಿಯಲ್ಲ. ಫಲಿತಾಂಶದ ದಿನ ಅದನ್ನು ಹಳಿಯಬೇಡಿರಿ.

ಆ ಮಗು ಮರಳಿ ಹೋಗುವುದು ನಮ್ಮೂರ ಸರಕಾರಿ ಶಾಲೆಗೆ. ಅಲ್ಲಿಯೂ ತರಗತಿಗೊಬ್ಬ ಶಿಕ್ಷಕರು, ಓದಲು ಪುಸ್ತಕಗಳು ಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎದ್ದು ಕೇಳೋಣ. 80 ಮಕ್ಕಳಿಗೆ ಕೊಡಬಲ್ಲ ಸರಕಾರ ಉಳಿದವರಿಗೂ ಕೊಡಲಿ.