ಕೆರೆಯ ಏರಿಯೂ ಸೈಕಲ್ಲೂ

ದುಡಿಯುವವನಿಗೆ ಕೂಲಿ ಬೇಕು, ಸೂರು ಬೇಕು, ಮಕ್ಕಳಿಗೆ ಶಾಲೆ ಬೇಕು ಎಂದರೆ ನಮ್ಮ ನಗರಸಭೆಯ ಸದಸ್ಯರು, ಕೊಡದಿದ್ದರೂ, ತಲೆಯನ್ನಾದರೂ ತೂಗುತ್ತಾರೆ. ಭಾನುವಾರ ಬೆಳಿಗ್ಗೆ ಸೈಕಲ್ಲು ಹತ್ತಿ, ಯಾವ ಕೆಲಸವೂ ಇಲ್ಲದೆ, ಕೆರೆಯ ಏರಿಯ ಮೇಲೋ ಹೊಳೆಯ ದಂಡೆಯಲ್ಲೋ 10-15 ಕಿಲೋಮೀಟರು ತಿರುಗಿ ಬರಲು ಅವನಿಗೊಂದು ದಾರಿಯೂ ಬೇಕು ಎಂದರೆ ನಗುತ್ತಾರೆ. ವಿಹಾರವೆಂಬುದು ಉಳ್ಳವರದು, ಬಡವನಿಗೆ ವಿಶ್ರಾಂತಿಯೆಂದರೆ ನಿದ್ದೆ ಎಂಬ ತಿಳಿವಳಿಕೆ ಆ ನಗೆಯಲ್ಲಿದೆ. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರು ಬರೀ ನಿದ್ದೆಯನ್ನು ಕೇಳಲಿಲ್ಲ. ಎಂಟು ಗಂಟೆ ದುಡಿಮೆಗೆ, ಎಂಟು ಗಂಟೆ ನಿದ್ದೆಗೆ, ಮಿಕ್ಕ ಎಂಟು ಗಂಟೆ ನಮಗೆ ಎಂದು ಕೇಳಿದರು. ಆ ಮೂರನೆಯ ಪಾಲನ್ನು ಎಲ್ಲಿ ಕಳೆಯಬೇಕೆಂಬುದಕ್ಕೆ ನಮ್ಮ ಊರುಗಳು ಇನ್ನೂ ಜಾಗ ತೋರಿಸಿಲ್ಲ.

ಸೈಕಲ್ಲನ್ನು ಬಡವನ ವಾಹನವೆಂದು ಕರೆಯುವುದು ರೂಢಿ. ಒಂದು ಕಾಲದಲ್ಲಿ ಪುರಸಭೆಗಳು ಅದಕ್ಕೂ ತೆರಿಗೆ ಕಟ್ಟಿಸಿಕೊಂಡು ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದರೆ, ಹಿಂದೊಬ್ಬನನ್ನು ಕೂರಿಸಿಕೊಂಡರೆ ಪೋಲೀಸಿನವರು ಹಿಡಿಯುತ್ತಿದ್ದರು. ಸ್ವಂತ ಸೈಕಲ್ಲಿಲ್ಲದ ಹುಡುಗರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದು, ಬಾರಿನ ಕೆಳಗೆ ಕಾಲು ತೂರಿಸಿ, ಮಂಡಿ ತರಚಿಕೊಂಡು ಕಲಿತರು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ದಾರಿಗಳಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ಮೇಲೆ ಹೋಗುವುದನ್ನು ಕಂಡು ನಾವು ಸಂತೋಷಪಟ್ಟೆವು. ಶಾಲೆಗೆ ಹೋದ ಸೈಕಲ್ಲು ಸಂಜೆ ಕೆರೆಯ ಕಡೆಗೂ ಹೋಯಿತು, ಅದೂ ವಿದ್ಯಾಭ್ಯಾಸವೇ. ಕೋವಿಡ್ ಬಂದಾಗ ಆ ವಿತರಣೆ ನಿಂತಿತು. ಕೋವಿಡ್ ಹೋದ ಮೇಲೂ ವರ್ಷಗಟ್ಟಲೆ ಸೈಕಲ್ಲು ಬರಲಿಲ್ಲ.

ಈಗ ದಾರಿಯಲ್ಲಿ ಎರಡು ಬಗೆಯ ಸವಾರರನ್ನು ಕಾಣುತ್ತೇವೆ. ಒಬ್ಬನು ತಲೆಗೆ ಟೊಪ್ಪಿಗೆ ಬಿಗಿದು, ಲಕ್ಷ ರೂಪಾಯಿಯ ಸೈಕಲ್ಲಿನಲ್ಲಿ ಭಾನುವಾರ ಮಾತ್ರ ಹೊರಡುವವನು. ಇನ್ನೊಬ್ಬನು ತುಕ್ಕು ಹಿಡಿದ ಹಳೆಯ ಸೈಕಲ್ಲಿಗೆ ಹಾಲಿನ ಕ್ಯಾನನ್ನೋ ಸೊಪ್ಪಿನ ಮೂಟೆಯನ್ನೋ ಕಟ್ಟಿಕೊಂಡು ದಿನವೂ ಹೋಗುವವನು. ಮೊದಲನೆಯವನನ್ನು ಗೇಲಿ ಮಾಡುವುದು ಸುಲಭ, ನಾವು ಮಾಡುವುದಿಲ್ಲ. ಹಿಂದಿನಿಂದ ಲಾರಿ ಹಾರ್ನು ಹೊಡೆದಾಗ ಇಬ್ಬರೂ ಇಳಿಯಬೇಕಾದದ್ದು ಒಂದೇ ಚರಂಡಿಯ ಅಂಚಿಗೆ.

ನಿಧಾನದ ಸವಾರಿಯ ಸೊಗಸನ್ನು ಬಲ್ಲವರಿಗೆ ಕಾವೇರಿಯ ಬಯಲಿನ ವಿಷಯ ಹೇಳಬೇಕಾಗಿಲ್ಲ. ಮೈಸೂರಿನಿಂದ ಶ್ರೀರಂಗಪಟ್ಟಣ ಹದಿನೈದು ಕಿಲೋಮೀಟರು ಚಿಲ್ಲರೆ. ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದರೆ ಕನ್ನಂಬಾಡಿ ಕಟ್ಟೆಗಿಂತ ಎಷ್ಟೋ ಹಿಂದಿನ ನಾಲೆಗಳು ಸಿಗುತ್ತವೆ: ಚಿಕ್ಕದೇವರಾಯಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ. ಅವುಗಳ ಪಕ್ಕದ ಮಣ್ಣಿನ ದಾರಿಯಲ್ಲಿ ಏರಿಲ್ಲ, ಇಳುಕಲಿಲ್ಲ. ನೀರು ಹರಿಯುವ ವೇಗಕ್ಕಿಂತ ತುಸು ಬೇಗ ತುಳಿದರೆ ಸಾಕು. ಚಳಿಗಾಲದ ಬೆಳಿಗ್ಗೆ ಆಲೆಮನೆಯ ಹೊಗೆಯೊಡನೆ ಬೆಲ್ಲದ ವಾಸನೆ ಅರ್ಧ ಮೈಲಿ ಮೊದಲೇ ಬರುತ್ತದೆ. ಇತ್ತ ಮದ್ದೂರಿನಿಂದ ಹೊರಟವನು ಗಂಟೆಯೊಳಗೆ ಕೊಕ್ಕರೆ ಬೆಳ್ಳೂರು ಸೇರಿ, ಹುಣಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವೆಯೇ ಸಂಸಾರ ಹೂಡಿರುವುದನ್ನು ನೋಡಬಹುದು. ಕಾರಿನಲ್ಲಿ ಬಂದವರು ಹಕ್ಕಿಯನ್ನು ನೋಡಿ ಹೊರಟುಹೋಗುತ್ತಾರೆ. ಸೈಕಲ್ಲಿನಲ್ಲಿ ಬಂದವನು ಜಗುಲಿಯಲ್ಲಿ ಕೂತು ನೀರು ಕೇಳುತ್ತಾನೆ, ಆ ಹಕ್ಕಿಗಳನ್ನು ಕಾಪಾಡಿಕೊಂಡು ಬಂದ ಜನರ ಮಾತನ್ನೂ ಕೇಳುತ್ತಾನೆ.

ಆದರೆ ನಾಲೆಯ ದಾರಿಯನ್ನು ಹೊಗಳುವಾಗ ನಾವು ಇನ್ನೊಂದನ್ನು ಮರೆಯಲಾಗದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದಾದ ಮೇಲೂ ಅದೇ ನಾಲೆಗೆ ಕಾರುಗಳು ಬಿದ್ದವು. ನಾಲೆಯ ದಂಡೆ ನೀರಾವರಿ ಇಲಾಖೆಯ ಪಾಲಿಗೆ ತನಿಖೆಯ ದಾರಿ ಇರಬಹುದು, ಜನರ ಪಾಲಿಗೆ ಅದು ಊರಿನಿಂದ ಊರಿಗೆ ಹೋಗುವ ದಾರಿ. ತಡೆಗೋಡೆ ಕೇಳಿದರೆ ಇದು ಸಾರ್ವಜನಿಕ ರಸ್ತೆಯೇ ಅಲ್ಲ ಎನ್ನುವುದು, ಹೆಣ ಎತ್ತಿದ ಮೇಲೆ ಪರಿಹಾರ ಘೋಷಿಸುವುದು, ಇದು ಆಡಳಿತವಲ್ಲ.

ದಾರಿಯ ಮೇಲಿನ ಹಕ್ಕನ್ನು ಬೇರೆ ದೇಶದ ದುಡಿಯುವ ಜನ ಬಹು ಹಿಂದೆಯೇ ಕೇಳಿದ್ದಾರೆ. 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 'ಕ್ಲ್ಯಾರಿಯನ್' ಎಂಬ ಸಮಾಜವಾದಿ ವಾರಪತ್ರಿಕೆಯ ಓದುಗರಾದ ಕೆಲವು ತರುಣರು ಸೇರಿ ಸೈಕಲ್ ಸಂಘ ಕಟ್ಟಿದರು. ಹೊಗೆ ಕವಿದ ಕಾರ್ಖಾನೆಯ ಪೇಟೆಗಳಿಂದ ರಜೆಯ ದಿನ ಹಳ್ಳಿಗಾಡಿಗೆ ಹೊರಟು, ಕಾಲುವೆ ಕಣಿವೆಗಳನ್ನು ಸುತ್ತಿ, ಹೋದಲ್ಲೆಲ್ಲ ಪತ್ರಿಕೆ ಹಂಚಿದರು. (ನಮ್ಮ ಚಂದಾದಾರರು ಗಮನಿಸಬೇಕು.) ಜರ್ಮನಿಯಲ್ಲಿ 1896ರಲ್ಲಿ ಹುಟ್ಟಿದ 'ಸೊಲಿಡಾರಿಟೇಟ್' ಎಂಬ ಕಾರ್ಮಿಕರ ಸೈಕಲ್ ಸಂಘಕ್ಕೆ ಮುಂದೆ ಲಕ್ಷಾಂತರ ಸದಸ್ಯರಾದರು; ಅದು ತನ್ನದೇ ಸೈಕಲ್ ಕಾರ್ಖಾನೆಯನ್ನೂ ನಡೆಸಿತು. 1933ರಲ್ಲಿ ಹಿಟ್ಲರನ ಸರ್ಕಾರ ಅದನ್ನು ನಿಷೇಧಿಸಿತು. ಸುಮ್ಮನೆ ಸೈಕಲ್ ತುಳಿಯುವವರಿಗೆ ಸರ್ವಾಧಿಕಾರಿ ಯಾಕೆ ಹೆದರಿದ ಎಂದು ಯೋಚಿಸಬೇಕು: ಜತೆಯಾಗಿ ತಿರುಗಾಡುವವರು ಜತೆಯಾಗಿ ಮಾತನಾಡುತ್ತಾರೆ.

ಇಂಗ್ಲೆಂಡಿನಲ್ಲಿ 1968ರ ಗ್ರಾಮಾಂತರ ಕಾಯಿದೆ ಕುದುರೆ ಸವಾರಿಯ ಹಳೆಯ ದಾರಿಗಳಲ್ಲಿ ಸೈಕಲ್ಲಿಗೂ ಹಕ್ಕು ಕೊಟ್ಟಿತು. ಕೊಡುವಾಗ ಒಂದು ಕಟ್ಟಳೆ ಹಾಕಿತು: ನಡೆಯುವವರಿಗೂ ಕುದುರೆಯವರಿಗೂ ಸೈಕಲ್ಲಿನವನು ದಾರಿ ಬಿಡಬೇಕು. ನಮ್ಮಲ್ಲಿ ಎಷ್ಟೋ ಕೆರೆಗಳ ಗೇಟಿಗೆ ಸೈಕಲ್ ನಿಷೇಧಿಸಲಾಗಿದೆ ಎಂಬ ಹಲಗೆ ತೂಗುಹಾಕಿದ್ದಾರೆ. ವಾಕಿಂಗಿಗೆ ಬರುವ ವೃದ್ಧರಿಗೆ ತೊಂದರೆ ಎಂಬ ಕಾರಣ ಸುಳ್ಳಲ್ಲ. ಜೋರಾಗಿ ನುಗ್ಗುವ ಹುಡುಗರನ್ನು ನಾವೂ ನೋಡಿದ್ದೇವೆ. ಅದಕ್ಕೆ ಮದ್ದು ಗೇಟು ಹಾಕುವುದಲ್ಲ, ದಾರಿ ಬಿಡುವ ನಿಯಮವನ್ನು ಹಾಕಿ ಪಾಲಿಸುವಂತೆ ಮಾಡುವುದು. ಗೇಟು ಹಾಕಿದಾಗ ಹೊರಗುಳಿಯುವವನು ಸೈಕಲ್ಲಿನವನೊಬ್ಬನೇ ಅಲ್ಲ. ದನ ಮೇಯಿಸುವವನು, ಮೀನು ಹಿಡಿಯುವವನು, ಬಟ್ಟೆ ಒಗೆಯುವವಳು, ಕೆರೆಯನ್ನು ತಲೆತಲಾಂತರದಿಂದ ಕಾದ ನೀರಗಂಟಿ, ಇವರ ಹಕ್ಕು ನಮ್ಮೆಲ್ಲರ ಹಕ್ಕಿಗಿಂತ ಹಳೆಯದು.

ಕೆರೆಯೇ ಇಲ್ಲದಿದ್ದರೆ ಏರಿಯ ಮಾತೆಲ್ಲಿ? ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದವುಗಳಲ್ಲಿ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು 2004ರ ನಂತರ ಅಭಿವೃದ್ಧಿಯ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ನಿನ್ನೆಯವರೆಗೆ ಪುಕ್ಕಟೆಯಾಗಿ ನೋಡಿದ ನೀರಿಗೆ ಟಿಕೀಟು! ನಾಗರಿಕರು 2008ರಲ್ಲಿ ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ 2012ರಲ್ಲಿ ಆ ದಾರಿ ಸಲ್ಲದೆಂದು ತೀರ್ಪಾಯಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರು ಬಿಡಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಇಷ್ಟು ಸಾಲದೆಂಬಂತೆ, 2014ರ ಕೆರೆ ಸಂರಕ್ಷಣಾ ಕಾಯಿದೆ ಎಲ್ಲ ಕೆರೆಗಳ ಸುತ್ತಲೂ ಕಟ್ಟಡ ಬರದಂತೆ ಕಾದಿದ್ದ 30 ಮೀಟರಿನ ಅಂಚನ್ನು, ಸಣ್ಣ ಕೆರೆಗಳಿಗೆ ಕಿರಿದು ಮಾಡುವ ತಿದ್ದುಪಡಿ ಮಸೂದೆಗೆ 2025ರ ಆಗಸ್ಟಿನಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಜಿಲ್ಲೆಯ ಊರುಗಳಲ್ಲಿ ಇರುವುದೆಲ್ಲ ಬಹುಪಾಲು ಸಣ್ಣ ಕೆರೆಗಳೇ. ನಾವು ಕೇಳುವ ದಾರಿ ಹಾದುಹೋಗಬೇಕಾದ ನೆಲವೂ ಆ ಅಂಚೇ. ಅದನ್ನು ಸೈಟುಗಾರರಿಗೆ ಬಿಟ್ಟುಕೊಟ್ಟ ಮೇಲೆ ಏರಿಯ ಮೇಲೆ ಗಾಳಿ ಸೇವನೆಗೆ ಹೋಗುವವನಿಗೆ ಎದುರಾಗುವುದು ಕಾಂಪೌಂಡು ಗೋಡೆ.

ನಾವು ದೊಡ್ಡ ಯೋಜನೆಯನ್ನೇನೂ ಕೇಳುತ್ತಿಲ್ಲ. ಏರಿಗೆ ಸಿಮೆಂಟಿನ ಇಟ್ಟಿಗೆ ಹಾಸಿ, ಕಾರಂಜಿ ನಿಲ್ಲಿಸಿ, ಗುತ್ತಿಗೆದಾರನನ್ನು ಸಾಕುವುದು ಬೇಡವೇ ಬೇಡ. ಏರಿಯ ಮಣ್ಣು ಗಟ್ಟಿಯಾಗಿರಲಿ, ಮುಳ್ಳುಕಂಟಿ ಸವರಲಿ, ಕೋಡಿ ಬಿದ್ದಾಗ ದಾಟಲು ಒಂದು ಮೋರಿ ಇರಲಿ, ನಾಲೆಯ ತಿರುವುಗಳಲ್ಲಿ ತಡೆಗೋಡೆ ಇರಲಿ. ಚರಂಡಿಯ ನೀರು ಕೆರೆಗೆ ಬೀಳದಿರಲಿ. ಮೂಗು ಮುಚ್ಚಿಕೊಂಡು ಯಾರೂ ವಿಹಾರ ಮಾಡುವುದಿಲ್ಲ. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಡನೆ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ಯೋಜನೆ ಶುರುವಾಯಿತು. ಗಂಟೆಯ ಬಾಡಿಗೆಯ ಹಳೆಯ ಅಂಗಡಿಗಳು ಮುಚ್ಚಿಹೋದ ನಮ್ಮಂಥ ಊರುಗಳಲ್ಲಿ ಇಪ್ಪತ್ತು ಸೈಕಲ್ಲುಗಳಿಂದ ಅದೇ ಕೆಲಸ ಆರಂಭಿಸಬಹುದು.

ನಗರಸಭೆಯ ಆಯವ್ಯಯದ ಸಭೆ ಹತ್ತಿರ ಬರುತ್ತಿದೆ. ಊರಿನ ಕೆರೆಯ ಗಡಿಯನ್ನು ಅಳತೆ ಮಾಡಿಸಿ ಕಲ್ಲು ನೆಡಿಸಿದ್ದೀರಾ, ಏರಿಯ ದಾರಿಗೆ ಎಷ್ಟು ಹಣ ಇಟ್ಟಿದ್ದೀರಿ ಎಂಬ ಎರಡು ಪ್ರಶ್ನೆಗಳನ್ನು ಅಲ್ಲಿ ಯಾರಾದರೂ ಎತ್ತಬೇಕು. ಎತ್ತಿದ ಸದಸ್ಯರ ಹೆಸರನ್ನೂ, ಸಿಕ್ಕ ಉತ್ತರವನ್ನೂ ಈ ಪುಟದಲ್ಲಿಯೇ ಪ್ರಕಟಿಸುತ್ತೇವೆ.