ಬೋನೆಟ್ ಎತ್ತುವ ಮುನ್ನ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟವರಿಗಾಗಲಿ, ಚಿಂತಾಮಣಿಯ ಮಂಡಿಗೆ ಟೊಮೆಟೊ ತುಂಬಿಕೊಂಡವರಿಗಾಗಲಿ ಬೆಳಗಿನ ಒಂದು ಗಂಟೆಯ ಬೆಲೆ ಚೆನ್ನಾಗಿ ಗೊತ್ತು. ಗೂಡು ಸೀಳಿಕೊಂಡು ಚಿಟ್ಟೆ ಹೊರಬಂದರೆ ನೂಲು ಕೆಟ್ಟಿತು. ಟೊಮೆಟೊ ಮೆತ್ತಗಾದರೆ ದರ ಇಳಿಯಿತು. ಗಾಡಿ ಮುಷ್ಕರ ಹೂಡುವುದೂ ಸರಿಯಾಗಿ ಆ ಹೊತ್ತಿಗೇ. ಮೆಕ್ಯಾನಿಕ್ಕಿಗೆ ಹೇಳಿಕಳಿಸುವ ಮೊದಲು ರೋಗ ಯಾವುದೆಂದು ಮಾಲೀಕನೇ ಅರ್ಧ ಪತ್ತೆ ಹಚ್ಚಬಹುದು. ಅದಕ್ಕೆ ಕಣ್ಣು, ಕಿವಿ ಚುರುಕಾಗಿದ್ದರೆ ಸಾಕು.

ಕೀಲಿ ತಿರುಗಿಸಿದಾಗ ‘ಟಕ್ ಟಕ್’ ಎಂದಷ್ಟೇ ಸದ್ದಾಗಿ ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲಾಗಿದೆ. ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ತಪ್ಪು ಬ್ಯಾಟರಿಯದಲ್ಲ. ಇಂಧನ ಬರುತ್ತಿಲ್ಲ, ಅಥವಾ ಪೆಟ್ರೋಲ್ ಗಾಡಿಯಾದರೆ ಕಿಡಿ ಹಾರುತ್ತಿಲ್ಲ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ವ್ಯಾಸಲಿನ್ ಸವರಬೇಕು. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಬಾಡಿಗೆ ತಾಗಿ ಶಾರ್ಟ್ ಆಗುತ್ತದೆ. ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಮನೆಯಲ್ಲಿ ಮೀಟರ್ ಇದ್ದರೆ ಇನ್ನೂ ಸುಲಭ: ಗಾಡಿ ನಿಂತಿರುವಾಗ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ತೋರಿಸಬೇಕು. ಮುಳ್ಳು ಮೇಲೇಳದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕಡೆ ನೋಡಬೇಕು.

ಎಂಜಿನ್ ಬಿಸಿಯಾಗುವುದು ಎರಡನೆಯ ಕಾಟ. ಜೀವನದಿಯಿಲ್ಲದ ಈ ಸೀಮೆಯಲ್ಲಿ ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಕೊಳವೆಬಾವಿಯೇ ದೊಡ್ಡ ಆಸರೆ. ಆಳದ ಆ ಗಡಸು ನೀರು ಹಂಡೆಯೊಳಗೆ ಬಿಳಿ ಪದರ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಆದ್ದರಿಂದ ಬೋರ್‌ವೆಲ್ ನೀರು ಆಪತ್ತಿಗೆ ಮಾತ್ರ. ಮಾಮೂಲಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟೇ ಸರಿ.

ಸುಮಾರು 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳದಡಿ ಒತ್ತಡ ಇರುವುದರಿಂದ ಅಲ್ಲಿ ನೀರು 110 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಆಗ ಮುಚ್ಚಳ ತಿರುಗಿಸಿದರೆ ಒತ್ತಡ ತಟ್ಟನೆ ಇಳಿದು, ಕುದಿನೀರು ಹಬೆಯೊಡನೆ ಮುಖಕ್ಕೇ ಚಿಮ್ಮುತ್ತದೆ. ಮೇಲೆ ಬಟ್ಟೆ ಹಾಕಿದರೂ ಭರವಸೆಯಿಲ್ಲ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಎಂಜಿನ್ ನಿಂತ ಮೇಲೂ ವಿದ್ಯುತ್ ಫ್ಯಾನ್ ತಿರುಗಬಹುದು, ಕೈ ದೂರವಿರಲಿ. ಆಮೇಲೆ ಕೂಲೆಂಟ್ ಮಟ್ಟ, ಹೋಸ್ ಪೈಪಿನ ಬಿರುಕು, ಬೆಲ್ಟಿನ ಬಿಗಿ, ನೆಲದ ಮೇಲಿನ ತೇವ ನೋಡಬಹುದು. ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದು, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ವರ್ಕ್‌ಶಾಪಿನ ಕೆಲಸ.

ಬ್ರೇಕ್ ವಿಷಯದಲ್ಲಂತೂ ಮನೆವೈದ್ಯ ಸಲ್ಲದು. ಬೆಟ್ಟ ಇಳಿಯುವಾಗ ಒಂದೇ ಸಮನೆ ಬ್ರೇಕ್ ಒತ್ತಿದರೆ ಬ್ರೇಕ್ ಕಾದು ಹಿಡಿತ ಸಡಿಲುತ್ತದೆ. ತೇವ ಹೀರಿದ ಹಳೆಯ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಎರಡನೆಯ ಗೇರಿನಲ್ಲೋ ಮೊದಲನೆಯದರಲ್ಲೋ ಇಳಿಯುವುದೇ ಕ್ಷೇಮ. ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ ಪೆಡಲ್ ಒತ್ತಿ ಹಿಡಿದಾಗ ಅದು ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಆ ಗಾಡಿ ಮನೆಯಿಂದ ಕದಲಬಾರದು. ಮೆಕ್ಯಾನಿಕ್ಕೇ ಮನೆಗೆ ಬರಬೇಕು. ಹಾಗೆಯೇ ಬರೀ ಜ್ಯಾಕ್ ನಂಬಿ ಯಾರೂ ಗಾಡಿಯಡಿ ನುಸುಳಬಾರದು.

ಯಾವುದಕ್ಕೆ ಕೈ ಹಾಕಬೇಕು ಎಂಬುದರಷ್ಟೇ ಯಾವುದನ್ನು ಮುಟ್ಟಬಾರದು ಎಂಬುದೂ ರಿಪೇರಿಯ ಪಾಠವೇ. ಟೊಮೆಟೊ ಇನ್ನೊಂದು ಬೆಳೆ ಬಂದೀತು, ಸುಟ್ಟ ಕಣ್ಣು ಮತ್ತೆ ಬಾರದು.