ಮಕ್ಕಳು ಗಂಟುಮೂಟೆಗಳಲ್ಲ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಕುಟುಂಬವೊಂದು ದೂರದ ಊರಿಗೆ ಹೊರಟಾಗ ನಿಜವಾಗಿ ದೇಶ ಸುತ್ತುವವರು ದೊಡ್ಡವರು ಮಾತ್ರ. ಮಕ್ಕಳನ್ನು ಅವರೊಡನೆ ಒಯ್ಯಲಾಗುತ್ತದೆ, ಅಷ್ಟೆ. ಹೊರಡುವ ದಿನವನ್ನು ಗೊತ್ತುಮಾಡುವವರು ದೊಡ್ಡವರು. ದಾರಿಯನ್ನು ಆರಿಸುವವರು ದೊಡ್ಡವರು. ಎಲ್ಲಿ ಇಳಿಯಬೇಕು, ಏನನ್ನು ಉಣ್ಣಬೇಕು ಎಂದು ನಿರ್ಣಯಿಸುವವರೂ ದೊಡ್ಡವರೇ. ಪೆಟ್ಟಿಗೆ, ಹಾಸಿಗೆ, ಬುತ್ತಿಯ ಗಂಟು ಇವುಗಳ ಎಣಿಕೆ ಮುಗಿದ ಬಳಿಕ, ‘ಮಕ್ಕಳೆಲ್ಲ ಹತ್ತಿದರೇನು?’ ಎಂಬ ಪ್ರಶ್ನೆ ಕೇಳಿಬರುತ್ತದೆ. ಈ ಎಣಿಕೆಯ ಕ್ರಮದಲ್ಲಿಯೇ ನಮ್ಮ ಪ್ರಯಾಣಗಳ ದೋಷ ಅಡಗಿದೆ ಎಂದು ನನ್ನ ಅಭಿಪ್ರಾಯ. ಮಗು ಬೇಸರಗೊಳ್ಳುವುದು ದಾರಿ ದೂರವಾದುದರಿಂದಲ್ಲ. ಆ ದಾರಿಯಲ್ಲಿ ತನಗೆ ಯಾವ ಪಾಲೂ ಇಲ್ಲದುದರಿಂದ.

ವಿಜಯಪುರದ ಸೀಮೆಯವರಿಗೆ ಡೋಣಿ ಗೊತ್ತು, ದೋಣಿ ಅಷ್ಟಾಗಿ ಗೊತ್ತಿಲ್ಲ. ಮಹಾರಾಷ್ಟ್ರದ ಜತ್ತ ತಾಲೂಕಿನ ಕಡೆಯಿಂದ ಇಳಿದು ಬರುವ ಡೋಣಿ ನದಿಯು ಬಬಲೇಶ್ವರದ ಸೀಮೆಯನ್ನು ಹಾಯ್ದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ದಡ ಮೀರಿ ಹೊಲಗಳನ್ನು ಮುಳುಗಿಸುವ ಈ ನದಿ ಬೇಸಿಗೆಯಲ್ಲಿ ಉಪ್ಪುಗಟ್ಟಿದ ಮಣ್ಣಿನ ಪಾತ್ರವಾಗಿ ಮಲಗಿರುತ್ತದೆ. ಇದರಲ್ಲಿ ಹಾಯಿ ಬಿಚ್ಚುವ ಮಾತೆಲ್ಲಿಯದು? ತಿಕೋಟಾ, ಬಬಲೇಶ್ವರಗಳ ಮಕ್ಕಳಿಗೆ ಸಮುದ್ರವೆಂಬುದು ಭೂಗೋಳದ ಪುಸ್ತಕದಲ್ಲಿರುವ ನೀಲಿ ಬಣ್ಣ. ಆದರೂ, ಮಕ್ಕಳೊಡನೆ ದೂರ ಪ್ರಯಾಣ ಮಾಡುವ ಬಗೆಯನ್ನು ತಿಳಿಯಬೇಕಾದರೆ ನಾವು ಒಮ್ಮೆ ಸಮುದ್ರದ ಕಡೆಗೆ ನೋಡಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಕೆಲವು ಕುಟುಂಬಗಳು ಚಿಕ್ಕ ಹಾಯಿದೋಣಿಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಡಲಿನಲ್ಲಿ ಸಂಚರಿಸುವುದುಂಟು. ಅಲ್ಲಿ ಓಡಿ ಆಡಲು ಅಂಗಳವಿಲ್ಲ. ಬೇಸರವಾದರೆ ಇಳಿದು ಹೋಗಲು ನಿಲ್ದಾಣವಿಲ್ಲ. ಸುತ್ತಲೂ ದಿನಗಟ್ಟಲೆ ಒಂದೇ ನೀರು, ಒಂದೇ ಆಕಾಶ. ಅಂತಹ ಸ್ಥಳದಲ್ಲಿ ಮಕ್ಕಳನ್ನು ಆಟಿಕೆಗಳಿಂದಲೇ ತಣಿಸುತ್ತೇವೆಂದರೆ ಆಟಿಕೆಗಳು ಮೂರು ದಿನಕ್ಕೆ ಸಾಲವು. ಆದುದರಿಂದ ಅನುಭವಿಗಳು ಬೇರೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಹಗ್ಗದ ಗಂಟು ಹಾಕುವುದು, ಚುಕ್ಕಾಣಿಯ ಬಳಿ ಸರದಿಯಂತೆ ನಿಲ್ಲುವುದು, ಗಾಳಿಯ ದಿಕ್ಕನ್ನು ದಿನಚರಿಯಲ್ಲಿ ಬರೆಯುವುದು, ದೂರದ ಹಡಗನ್ನು ಗುರುತಿಸಿ ಹೇಳುವುದು, ಇವೆಲ್ಲ ಅಲ್ಲಿ ಮಕ್ಕಳ ಪಾಲಿನ ಕೆಲಸಗಳಾಗುತ್ತವೆ. ಕೆಲಸ ಕೊಟ್ಟ ಮೇಲೆ ಮನರಂಜನೆಯನ್ನು ಬೇರೆಯಾಗಿ ಹುಡುಕಬೇಕಾದುದು ಬಹಳ ಉಳಿಯುವುದಿಲ್ಲ.

ಹೀಗೆ ಬೆಳೆದ ಮಕ್ಕಳ ಸ್ಥೈರ್ಯಕ್ಕೆ ನಿದರ್ಶನಗಳಿವೆ. ಲಾರಾ ಡೆಕರ್ ಎಂಬ ಡಚ್ ಬಾಲಕಿ 1995ರಲ್ಲಿ, ತಂದೆತಾಯಿಗಳು ಹಾಯಿದೋಣಿಯ ಪ್ರವಾಸದಲ್ಲಿದ್ದಾಗ, ನ್ಯೂಜಿಲೆಂಡಿನ ಬಂದರು ಪಟ್ಟಣವೊಂದರಲ್ಲಿ ಹುಟ್ಟಿದವಳು. ಅವಳ ಎಳೆತನದ ಕೆಲವು ವರ್ಷಗಳು ಕಡಲಿನ ಮೇಲೆಯೇ ಕಳೆದವು. 2012ರ ಜನವರಿ 21ರಂದು, ತನ್ನ ಹದಿನಾರನೆಯ ವಯಸ್ಸಿನಲ್ಲಿ, ಅವಳು ಏಕಾಂಗಿಯಾಗಿ ಭೂಪ್ರದಕ್ಷಿಣೆಯನ್ನು ಮುಗಿಸಿದಳು. ಇನ್ನೊಂದು ಉದಾಹರಣೆ ಅದಕ್ಕಿಂತಲೂ ಕಠಿಣವಾದುದು. 1972ರ ಜೂನ್ 15ರಂದು ಶಾಂತಸಾಗರದಲ್ಲಿ ರಾಬರ್ಟ್‌ಸನ್ ಎಂಬ ಬ್ರಿಟಿಷ್ ಕುಟುಂಬದ ಹಾಯಿದೋಣಿಗೆ ತಿಮಿಂಗಿಲಗಳು ಬಡಿದು ಅದು ಮುಳುಗಿತು. ಅವಳಿ ಬಾಲಕರಿಬ್ಬರು ಸೇರಿ ಆರು ಜನರು ಒಂದು ತೆಪ್ಪವನ್ನೂ ಒಂದು ಪುಟ್ಟ ದೋಣಿಯನ್ನೂ ನೆಚ್ಚಿ 38 ದಿನ ಬದುಕಿದರು. ಕಡೆಗೆ ಜಪಾನಿನ ಮೀನುಗಾರರು ಅವರನ್ನು ಕಾಪಾಡಿದರು. ಒಳಕ್ಕೆ ನುಗ್ಗುವ ನೀರನ್ನು ಮೊಗೆದು ಹಾಕುವ ಕೆಲಸದಲ್ಲಿ ಎಲ್ಲರಿಗೂ ಸರದಿಯಿತ್ತು. ಹಸಿವಿನ ಆ ದಿನಗಳಲ್ಲಿ ಅವರು ಕಾಲ ಕಳೆದ ಬಗೆಯಾದರೂ ಎಂತಹದು! ಊರಿಗೆ ಮರಳಿದ ಮೇಲೆ ತಾವೊಂದು ಉಪಾಹಾರಗೃಹವನ್ನು ತೆರೆಯುವೆವೆಂದು ಕಲ್ಪಿಸಿಕೊಂಡು, ಅದರಲ್ಲಿ ಬಡಿಸುವ ತಿಂಡಿಗಳ ಪಟ್ಟಿಯನ್ನು ಎಲ್ಲರೂ ಕೂಡಿ ಮಾತಿನಲ್ಲಿಯೇ ಸಿದ್ಧಪಡಿಸುತ್ತಿದ್ದರು. ಕೈಯಲ್ಲಿ ಏನೂ ಇಲ್ಲದಾಗಲೂ ಮಾತು ಮತ್ತು ಕಲ್ಪನೆ ಮನುಷ್ಯನ ಜೊತೆಗಿರುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈ ನೀತಿ ನಮಗೆ ಹೊಸದೇನೂ ಅಲ್ಲ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ, ಬಾದಾಮಿಯ ಬನಶಂಕರಿಯ ತೇರಿಗೆ ನಮ್ಮ ಸೀಮೆಯ ಕುಟುಂಬಗಳು ಸವಾರಿ ಬಂಡಿ ಕಟ್ಟಿಕೊಂಡು ಹೊರಡುತ್ತಿದ್ದ ಕಾಲದಲ್ಲಿ ಮಕ್ಕಳು ಸುಮ್ಮನೆ ಕುಳಿತುಕೊಳ್ಳುತ್ತಿರಲಿಲ್ಲ. ಬಂಡಿ ನಿಂತೊಡನೆ ಎತ್ತುಗಳಿಗೆ ನೀರು ತೋರಿಸುವವನೊಬ್ಬ, ಒಲೆಗೆ ಮೂರು ಕಲ್ಲು ಆಯ್ದು ತರುವವಳೊಬ್ಬಳು, ಪುಳ್ಳೆ ಕೂಡಿಸುವವರು ಇನ್ನಿಬ್ಬರು. ಬಂಡಿ ನಡೆಯುತ್ತಿರುವಾಗ ಅಜ್ಜಿಯ ಒಗಟುಗಳು, ಅಜ್ಜನ ಕಥೆಗಳು. ಇಳಿಜಾರು ಬಂದಾಗ ಇಳಿದು ನಡೆಯುವ ಸಂಭ್ರಮ. ಸಜ್ಜಿಯ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ಬಿಚ್ಚಿ ಎಲ್ಲರಿಗೂ ಹಂಚುವುದೂ ಮಕ್ಕಳ ಕೈಗೆ ಬರುತ್ತಿತ್ತು. ಆ ಕಾಲದ ದಾರಿಯಲ್ಲಿ ಧೂಳು, ಬಿಸಿಲು, ದಣಿವು ಇರಲಿಲ್ಲವೆಂದಲ್ಲ. ಅವೆಲ್ಲ ಇದ್ದವು, ಆದರೆ ಮಗು ಅವುಗಳನ್ನು ಎಲ್ಲರೊಡನೆ ಹಂಚಿಕೊಳ್ಳುತ್ತಿತ್ತು.

ಇಂದು ವಾಹನಗಳ ವೇಗ ಹೆಚ್ಚಿದೆ, ಆಸನಗಳು ಮೆತ್ತಗಾಗಿವೆ. ಮಗುವಿನ ಪಾಲು ಮಾತ್ರ ಕಡಿಮೆಯಾಗಿದೆ. ಅಳು ಕೇಳಿದೊಡನೆ ಮೊಬೈಲನ್ನು ಕೈಗೆ ಕೊಡುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಅಳು ನಿಲ್ಲುತ್ತದೆ ನಿಜ. ಆದರೆ ಅದರೊಡನೆ ನೋಟವೂ, ಮಾತೂ, ಪ್ರಶ್ನೆಯೂ ನಿಲ್ಲುತ್ತವೆ. ದೇಹಕ್ಕಾದರೂ ಅದು ಹಿತವೆ? ಚಲಿಸುವ ವಾಹನದಲ್ಲಿ ಚಲನೆಯ ಅರಿವನ್ನು ಒಳಗಿವಿಯು ಮೆದುಳಿಗೆ ಮುಟ್ಟಿಸುತ್ತಿರುತ್ತದೆ. ಅದೇ ಹೊತ್ತಿಗೆ ಕೈಯಲ್ಲಿರುವ ಪರದೆಯ ಮೇಲೆ ನೆಟ್ಟ ಕಣ್ಣು ‘ಎಲ್ಲವೂ ನಿಂತಿದೆ’ ಎಂದು ಹೇಳುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಿಂದಲೇ ತಲೆಸುತ್ತು, ಓಕರಿಕೆಗಳು ಹುಟ್ಟುತ್ತವೆ. ಕಿಟಕಿಯಾಚೆಗಿನ ದೂರದ ದಿಗಂತವನ್ನು ನೋಡುವ ಮಗುವಿಗೆ ಈ ಬಾಧೆ ಕಡಿಮೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕುಳಿತಿರಬಾರದೆಂದೂ, ಇನ್ನೂ ಕಡಿಮೆಯಾದರೆ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ. ಹತ್ತು ಗಂಟೆಗಳ ದಾರಿಯನ್ನು ಪರದೆಯೊಂದರಿಂದಲೇ ತುಂಬಿಸುವವರು ಇದನ್ನು ನೆನೆಯಬೇಕು.

ಹಾಗಾದರೆ ಕಿಟಕಿಯಾಚೆ ನೋಡುವುದಕ್ಕೆ ಏನಿದೆ? ವಿಜಯಪುರದಿಂದ ಮಂಗಳೂರಿಗೆ 2019ರಲ್ಲಿ ರೈಲು ಸಂಚಾರ ಆರಂಭವಾಯಿತು. ಒಂದು ಹಗಲು ಹತ್ತಿದವರು ಮರುದಿನ ಇಳಿಯುವಷ್ಟು ದೀರ್ಘವಾದ ಈ ಪ್ರಯಾಣವೇ ಒಂದು ಪಾಠಶಾಲೆ. ಬಿಳಿಜೋಳದ ಎರೆಯ ಹೊಲಗಳನ್ನು ಬಿಟ್ಟು ರೈಲು ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟುತ್ತದೆ. ಹೊಳೆ ಆಲೂರಿನ ಕಡೆ ಮಲಪ್ರಭೆಯನ್ನು, ಹರಿಹರದ ಬಳಿ ತುಂಗಭದ್ರೆಯನ್ನು ಹಾಯುತ್ತದೆ. ಅರಸೀಕೆರೆಯ ತೆಂಗು, ಸಕಲೇಶಪುರದ ಕಾಫಿ ತೋಟಗಳು ಹಿಂದೆ ಸರಿದ ಮೇಲೆ ಘಟ್ಟದ ಇಳಿಜಾರಿನಲ್ಲಿ 50ಕ್ಕೂ ಹೆಚ್ಚು ಸುರಂಗಗಳು ಒಂದರ ಹಿಂದೊಂದು ಬರುತ್ತವೆ. ಅವುಗಳನ್ನು ಎಣಿಸುವ ಕೆಲಸವನ್ನು ಮಗುವಿಗೆ ವಹಿಸಿ ನೋಡಿ. ನಿದ್ದೆಯೇ ಅದರ ಬಳಿ ಸುಳಿಯದು. ಬಂಟ್ವಾಳದ ಬಳಿ ನೇತ್ರಾವತಿ ಕಂಡಾಗ, ‘ಈ ನೀರು ಯಾವ ಕಡೆಗೆ ಹರಿಯುತ್ತದೆ?’ ಎಂದು ಕೇಳಿರಿ. ಮೊದಲು ದಾಟಿದ ಮೂರು ನದಿಗಳ ನೀರು ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿಯನ್ನು ಸೇರಿದರೆ, ಇದೊಂದು ಪಶ್ಚಿಮದ ಕಡಲಿಗೆ ಓಡುತ್ತದೆ. ಘಟ್ಟವೆಂದರೆ ಏನೆಂಬುದನ್ನು ಆ ಮಗು ಇನ್ನು ಮರೆಯಲಾರದು. ಇರುಳಿನಲ್ಲಿ ಹಾಯ್ದ ಕೆಲವು ಊರುಗಳನ್ನು ಮರಳುವಾಗ ಹಗಲಿನಲ್ಲಿ ನೋಡಬಹುದು.

ಮಾತಿನ ಬದಲಾವಣೆಯೂ ಒಂದು ಆಟವೇ. ನಮ್ಮ ‘ಶೇಂಗಾ’ ಹಾಸನದ ಕಡೆಗೆ ಬರುವಷ್ಟರಲ್ಲಿ ‘ಕಡಲೆಕಾಯಿ’ಯಾಗುತ್ತದೆ, ಕರಾವಳಿಯಲ್ಲಿ ‘ನೆಲಗಡಲೆ’ಯಾಗುತ್ತದೆ. ಇಂತಹ ಪದಗಳನ್ನು ಕೂಡಿಸಿ ಚಿಕ್ಕ ವಹಿಯಲ್ಲಿ ಬರೆಯುವ ಬಾಲಕಿಗೆ ಎದುರು ಆಸನದ ಪ್ರಯಾಣಿಕರೇ ಗುರುಗಳಾಗುತ್ತಾರೆ.

ರಸ್ತೆಯ ಪ್ರಯಾಣಕ್ಕೂ ಅದರದೇ ಆದ ವಿನೋದಗಳುಂಟು. ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿ, ರಾಜ್ಯ ಹೆದ್ದಾರಿಯದು ಹಸಿರು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ 90 ಸೆಕೆಂಡು ಹಿಡಿದರೆ ವಾಹನದ ವೇಗ ಗಂಟೆಗೆ 40 ಕಿಲೋಮೀಟರ್ ಎಂದು ಏಳನೆಯ ತರಗತಿಯ ಹುಡುಗನು ಲೆಕ್ಕ ಹಾಕಬಲ್ಲನು. ‘ನಿಂತಲ್ಲಿಯೇ ನಿಂತು ಸಾವಿರ ಜನರಿಗೆ ದಾರಿ ಹೇಳುವವನಾರು?’ ಎಂದು ಅವನ ತಂಗಿ ಆ ಕಲ್ಲಿನ ಮೇಲೆಯೇ ಒಗಟು ಕಟ್ಟಬಲ್ಲಳು. ತಿಕೋಟಾದ ಸುತ್ತಿನ ದ್ರಾಕ್ಷಿ ತೋಟಗಳು, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಒಣನೆಲಕ್ಕೆ ಏರಿ ಬಂದ ಕೃಷ್ಣೆಯ ನೀರು, ಇವನ್ನು ತೋರಿಸಿ ‘ಈ ನೀರು ಇಷ್ಟು ಎತ್ತರಕ್ಕೆ ಹೇಗೆ ಬಂದಿತು?’ ಎಂದು ಕೇಳಿದರೆ ಅರ್ಧ ಗಂಟೆಯ ದಾರಿ ಸಾಗಿದ್ದೇ ತಿಳಿಯದು. ಊರಿಗೆ ಮರಳುವಾಗಲಂತೂ ವಿಜಯಪುರದ ಮಕ್ಕಳಿಗೆ ಬೇರೆಯವರಿಗಿಲ್ಲದ ಆಟವೊಂದಿದೆ. ಬಯಲಿನ ಅಂಚಿನಲ್ಲಿ ಗೋಳಗುಮ್ಮಟದ ಗುಂಡು ಯಾರ ಕಣ್ಣಿಗೆ ಮೊದಲು ಬೀಳುವುದೋ ಅವರೇ ಗೆದ್ದವರು!

ಇಷ್ಟೆಲ್ಲ ಹೇಳಿದುದರಿಂದ, ಪ್ರಯಾಣದ ಪ್ರತಿಯೊಂದು ಕ್ಷಣವನ್ನೂ ಪಾಠದಿಂದಲೋ ಆಟದಿಂದಲೋ ತುಂಬಬೇಕೆಂದು ಯಾರೂ ಭಾವಿಸಬಾರದು. ಮಗು ಸುಮ್ಮನೆ ಕುಳಿತು ಹಿಂದೆ ಓಡುವ ಗಿಡಗಳನ್ನು ನೋಡುತ್ತಿದ್ದರೆ ಅದನ್ನು ನೋಡಗೊಡಬೇಕು. ಆ ಮೌನದಲ್ಲಿ ಮನಸ್ಸು ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ದುಡಿದು ದಣಿದ ತಂದೆತಾಯಿಗಳಿಗೆ ದಾರಿಯುದ್ದಕ್ಕೂ ಕಥೆ ಹೇಳುವ ತ್ರಾಣ ಎಲ್ಲಿಂದ ಬರಬೇಕು ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಜ್ವರ ಬಂದ ಮಗುವನ್ನು ಅರ್ಧ ಗಂಟೆ ಚಿತ್ರ ತೋರಿಸಿ ಸಮಾಧಾನಪಡಿಸಿದರೆ ಅದೇನೂ ಪಾಪವಲ್ಲ. ಆದರೆ ಮಗುವಿಗೆ ಪಾಲು ಕೊಡುವುದಕ್ಕೆ ದೊಡ್ಡ ಶ್ರಮವೇನೂ ಬೇಕಾಗಿಲ್ಲ. ಟಿಕೆಟ್ಟನ್ನು ಕಾಯುವ ಜವಾಬ್ದಾರಿ, ಗಂಟುಗಳನ್ನು ಎಣಿಸುವ ಅಧಿಕಾರ, ‘ಮುಂದಿನ ಊರು ಯಾವುದು?’ ಎಂದು ಹೇಳುವ ಗೌರವ, ಇವನ್ನು ಕೊಟ್ಟರೆ ದಣಿದ ತಾಯಿಗೆ ವಿಶ್ರಾಂತಿಯೇ ದೊರೆಯುವುದು.

ನಮ್ಮ ಸೀಮೆಯಲ್ಲಿ ವಿನೋದಕ್ಕಾಗಿ ಅಲ್ಲದೆ ಹೊಟ್ಟೆಪಾಡಿಗಾಗಿ ದೂರ ಪ್ರಯಾಣ ಮಾಡುವ ಮಕ್ಕಳೂ ಇದ್ದಾರೆ ಎಂಬುದನ್ನು ಮರೆತರೆ ಈ ವಿಚಾರ ಅಪೂರ್ಣವಾಗುತ್ತದೆ. ಸುಗ್ಗಿಯ ಕೆಲಸ ಸಿಗದ ಊರುಗಳಿಂದಲೂ ತಾಂಡಾಗಳಿಂದಲೂ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುತ್ತವೆ. ಲಾರಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಪಾತ್ರೆಪಡಗ, ಕೌದಿಗಳ ನಡುವೆ ಕುಳಿತ ಆ ಮಕ್ಕಳಿಗೆ ತಾವು ಎಲ್ಲಿಗೆ ಹೋಗುತ್ತಿದ್ದೇವೆ, ಎಂದು ಮರಳುತ್ತೇವೆ ಎಂಬುದನ್ನು ಹೇಳುವವರೂ ಕಡಿಮೆ. ಅವರು ಗಂಟುಮೂಟೆಯಂತೆ ಹೋಗುತ್ತಾರೆ, ಗಂಟುಮೂಟೆಯಂತೆ ಮರಳುತ್ತಾರೆ. ನಡುವೆ ಶಾಲೆಯ ವರ್ಷ ಕೈಬಿಟ್ಟು ಹೋಗಿರುತ್ತದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯಂತೆ, ಬೇರೆ ಊರಿಗೆ, ಬೇರೆ ರಾಜ್ಯಕ್ಕೆ ಹೋಗಬೇಕಾದ ಮಗುವಿಗೆ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡಬೇಕು. ಆ ಪತ್ರ ತಡವಾಯಿತೆಂಬ ಕಾರಣದಿಂದ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಕಾನೂನು ದಾರಿಯನ್ನು ತೆರೆದಿದೆ. ಆದರೆ ಮಗುವನ್ನು ಲೆಕ್ಕಕ್ಕೆ ಹಿಡಿಯುವ ಮನಸ್ಸು ಇಲ್ಲದಿದ್ದರೆ ತೆರೆದ ದಾರಿಯಲ್ಲಿ ನಡೆಯುವವರಾರು? ಪಾಟೀಚೀಲದಲ್ಲಿ ಎರಡು ಪುಸ್ತಕಗಳನ್ನೂ ಆ ಪತ್ರವನ್ನೂ ಇಟ್ಟು, ‘ನೀನು ಅಲ್ಲಿಯೂ ಓದಬೇಕು’ ಎಂದು ಹೇಳಿ ಕಳುಹಿಸಿದರೆ, ಆ ಮಗುವಿನ ಪ್ರಯಾಣಕ್ಕೂ ಒಂದು ಗುರಿ ದೊರೆಯುತ್ತದೆ.

ಈ ಪಾಠವನ್ನು ಓದುತ್ತಿರುವ ನೀವು ಪೂರ್ಣ ದೊಡ್ಡವರೂ ಅಲ್ಲ, ತೀರ ಚಿಕ್ಕವರೂ ಅಲ್ಲ. ಮನೆಯಲ್ಲಿ ನೀವು ಯಾರಿಗೋ ಅಣ್ಣ, ಯಾರಿಗೋ ಅಕ್ಕ. ಮುಂದಿನ ಪ್ರಯಾಣದಲ್ಲಿ ತಮ್ಮನೋ ತಂಗಿಯೋ ‘ಊರು ಇನ್ನೂ ಎಷ್ಟು ದೂರ?’ ಎಂದು ಕೇಳಿದಾಗ, ‘ಸುಮ್ಮನಿರು’ ಎಂದು ಗದರಿಸಬೇಡಿರಿ. ‘ಬಾ, ಕಲ್ಲು ನೋಡಿ ಎಣಿಸೋಣ’ ಎಂದು ಕಿಟಕಿಯ ಬಳಿ ಸ್ಥಳ ಮಾಡಿಕೊಡಿರಿ.